ಕಸಬರಿಗೆಯವಳ ಮೂಗು

ಭಕ್ತರೇ, ಇವತ್ತು ಈ ಮಠದ ಸ್ವಾಮಿಯ ಬಾಯಿಂದ ಸಿಹಿ ಮಾತು ಬರುವುದಿಲ್ಲ. ಸಿಟ್ಟು ಬಂದಿದೆ. ಮೊದಲು ಕಥೆ ಕೇಳಿ.

ಶ್ರೀಮಂತನೊಬ್ಬನ ಕಥೆ. ಯಾವ ಊರು ಅಂತ ಕೇಳಬೇಡಿ, ಇದೇ ಊರು ಅಂದುಬಿಟ್ಟೇನು! ಅವನದೊಂದು ಅರಳೆ ಮಿಲ್ಲು. ಬಾಗಿಲಲ್ಲಿ ನಾಲ್ವರು ಕಾವಲುಗಾರರು, ಗೋಡೆಯ ತುಂಬ ಕಳ್ಳರ ಫೋಟೋ. ಬಂದವರ ಮುಖ ಫೋಟೋಕ್ಕೆ ಹೊಂದಿದರೆ ಹಿಡಿಯುವುದು ಅವರ ಕೆಲಸ. ಒಳ್ಳೆಯ ಕೆಲಸವೇ, ಬೇಡ ಅನ್ನುವುದಿಲ್ಲ. ಅದೇ ಬಾಗಿಲಲ್ಲಿ ಒಬ್ಬ ಮುದುಕಿ ಕಸ ಗುಡಿಸುತ್ತಿದ್ದಳು. ಮೂವತ್ತು ವರ್ಷ ಅರಳೆಯ ಧೂಳು ಕುಡಿದವಳು.

ಒಂದು ದಿನ ಅರಳೆ ತುಂಬಿದ ದೊಡ್ಡ ಮೂಟೆ, ಅದೇ ಅಂಡಿಗೆ, ಹೇರಿಕೊಂಡು ಗಾಡಿ ಬಂತು. ಗಾಡಿಯವನ ಮುಖ ಯಾವ ಫೋಟೋಕ್ಕೂ ಹೊಂದಲಿಲ್ಲ. ಬಿಟ್ಟರು. ಮುದುಕಿ ಮಾತ್ರ ಅಡ್ಡ ನಿಂತಳು.

“ಯಪ್ಪಾ, ತಡೀರಿ! ಈ ಅಂಡಿಗಿ ಒಳಗ ಬೆಂಕಿ ಐತಿ. ಸುಟ್ಟ ವಾಸನಿ ಬರಾಕತ್ತೈತಿ!”

“ಹೊಗಿ ಎಲ್ಲೈತಿ, ತೋರ್ಸು?”

“ಕಾಣಂಗಿಲ್ಲೋ ನನ್ನಪ್ಪಾ, ಒಳಗೊಳಗ ಸುಡತೈತಿ.”

“ಕಸಾ ಹೊಡಿಯಾಕಿ ಕಸಾ ಹೊಡಿ. ನಮಗ ಕಾವಲಾ ಕಲಿಸಾಕ ಬರಬ್ಯಾಡ!”

ಮಧ್ಯಾಹ್ನಕ್ಕೆ ಮಿಲ್ಲು ಹೊತ್ತಿಕೊಂಡಿತು. ಸಾಹುಕಾರನ ಪುಟ್ಟ ಮಗಳು ಒಳಗೆ ಅರಳೆ ರಾಶಿಯ ಮೇಲೆ ಆಡುತ್ತಿದ್ದಳು. ಕಾವಲುಗಾರರು ಹೊರಗೆ ಓಡಿದರು. ಮುದುಕಿ ಒಳಗೆ ಓಡಿದಳು. ಮಗುವನ್ನು ತಂದಳು, ಎರಡೂ ಕೈ ಸುಟ್ಟುಕೊಂಡಳು. ಮರುದಿನ ಸಾಹುಕಾರ ಏನು ಮಾಡಿದ ಗೊತ್ತೇ? ಗೋಡೆಗೆ ಇನ್ನಷ್ಟು ಫೋಟೋ ಅಂಟಿಸಿದ! ಕಸಬರಿಗೆ ಹಿಡಿಯಲು ಬರುವುದಿಲ್ಲ ಅಂತ ಮುದುಕಿಯನ್ನು ಮನೆಗೆ ಕಳಿಸಿದ.

ನಗಬೇಡಿ. ಹೋದ ವಾರ ನಮ್ಮ ಮಠದ ಶಾಲೆಗೆ ಸಂಶೋಧನೆ ಮಾಡುವ ಡಾಕ್ಟರಮ್ಮ ಬಂದಿದ್ದರು. ನಮ್ಮ ಮೈಯಲ್ಲಿ ಟಿ ಕೋಶಗಳೆಂಬ ಕಾವಲುಗಾರರು ಇದ್ದಾರಂತೆ. ಲಸಿಕೆ ಅವರಿಗೆ ರೋಗಾಣುವಿನ ಫೋಟೋ ತೋರಿಸಿದ ಹಾಗೆ. ಅದರಿಂದ ಎಷ್ಟೋ ಮಕ್ಕಳು ಬದುಕಿವೆ, ಆ ಲಸಿಕೆ ಹಾಕಿಸಲೇಬೇಕು. ಆದರೆ ಇನ್ನೊಂದು ಜಾತಿಯ ಟಿ ಕೋಶಗಳೂ ಇವೆಯಂತೆ. ಶ್ವಾಸಕೋಶ, ಕರುಳು, ಚರ್ಮ, ಅಂದರೆ ಬಾಗಿಲಲ್ಲೇ ಅವುಗಳ ವಾಸ. ಅವು ಆ ಫೋಟೋಕ್ಕೆ ಕಾಯುವುದಿಲ್ಲ. ರೋಗಾಣು ಬಿಟ್ಟ ಕೊಬ್ಬಿನ ಚೂರು, ಅದು ತನಗಾಗಿ ತಯಾರಿಸಿಕೊಂಡ ಜೀವಸತ್ವದ ಚೂರು, ಇಷ್ಟೇ ಸಾಕು, ಎದ್ದು ನಿಲ್ಲುತ್ತವೆ. ಇವನ್ನೂ ಎಬ್ಬಿಸುವ ಲಸಿಕೆ ಮಾಡಬಹುದೇ ಅಂತ ಈಗ ಹುಡುಕುತ್ತಿದ್ದಾರೆ, ಇನ್ನೂ ಕೈಗೆ ಬಂದಿಲ್ಲ.

“ಇಷ್ಟು ದಿನ ಯಾಕಮ್ಮಾ ಬಿಟ್ಟಿದ್ರಿ?” ಅಂದೆ. “ಅವು ಅಸಾಂಪ್ರದಾಯಿಕ ಕೋಶಗಳು, ಅಜ್ಜಾರ. ಬಹಳ ಮಂದಿ ಅವುಗಳ ಕಡೆ ನೋಡಲೇ ಇಲ್ಲ” ಅಂದರು.

ಅಸಾಂಪ್ರದಾಯಿಕ! ಆ ಪದ ಕೇಳಿ ನನ್ನ ಮೈ ಉರಿಯಿತು. ಯಾಕೆ ಗೊತ್ತೇ? ಅದರ ಹಿಂದಿನ ಸೋಮವಾರ ಆಶಾ ಕಾರ್ಯಕರ್ತೆ ಹುಲಿಗೆವ್ವ ಈ ಮಠದ ಮೆಟ್ಟಿಲ ಕೆಳಗೆ ನಿಂತಿದ್ದಳು. “ನಿಂಗನಗೌಡ್ರ, ನಿಮ್ಮ ಮೊಮ್ಮಗಳ ಗಂಟಲಾ ಬಾತೈತ್ರಿ. ಗಂಟಲಮಾರಿ ಇದ್ದೀತು, ಈಗಿಂದೀಗ ದವಾಖಾನಿಗೆ ಒಯ್ಯರಿ” ಅಂದಳು. ಗೌಡರೂ ಸೇರಿ ಮಠದ ಕಮಿಟಿಯವರು ಏನಂದಿರಿ? “ಡಾಕ್ಟರ್ ಹೇಳ್ಲಿ, ನೀ ಯಾರು? ಹೆಣ್ಣಮಕ್ಕಳು ಕಟ್ಟಿ ಹತ್ತಿ ಮಾತಾಡೂದು ನಮ್ಮ ಸಂಪ್ರದಾಯದಾಗ ಇಲ್ಲ!”

ಮೂರು ದಿನ ಕಳೆದ ಮೇಲೆ ದವಾಖಾನೆಗೆ ಒಯ್ದಿರಿ. ಇವತ್ತಿಗೂ ಆ ಕೂಸು ಜಿಲ್ಲಾಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡುತ್ತಿದೆ. ಗೌಡರೇ, ತಲೆ ತಗ್ಗಿಸಬೇಡಿ, ನನ್ನನ್ನು ನೋಡಿ. ನಾನೂ ಒಳಗೇ ಇದ್ದೆ. ಅವಳ ದನಿ ಕೇಳಿಸಿತ್ತು. ಪೂಜೆಯ ಹೊತ್ತು ಅಂತ ಎದ್ದು ಬರಲಿಲ್ಲ. ನಿಮ್ಮ ಮೇಲಿರುವ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದು.

ನಾಳೆ ಬೆಳಿಗ್ಗೆ ಹುಲಿಗೆವ್ವ ನರ್ಸಮ್ಮನ ಜೊತೆ ಲಸಿಕೆ ಡಬ್ಬಿ ಹಿಡಿದು ಬರುತ್ತಾಳೆ. ಅವಳನ್ನು ಈ ಕಟ್ಟೆಯ ಮೇಲೆ, ನನ್ನ ಪಕ್ಕದಲ್ಲಿ ಕೂರಿಸುತ್ತೇನೆ. ನಿಮ್ಮ ಮಕ್ಕಳನ್ನು ಕರೆತನ್ನಿ. ಮನೆಯಲ್ಲಿ ಕಸ ಹೊಡೆಯುವವಳು, ಊರಿಗೆ ನೀರು ಬಿಡುವವನು ಏನೋ ವಾಸನೆ ಅಂದರೆ, ನೀ ಯಾರು ಅನ್ನಬೇಡಿ, ಏನಾಯಿತು ಅಂತ ಕೇಳಿ. ಹುಲಿಗೆವ್ವನ ಮಾತು ಕೇಳಿ ಬಂದವರು ಮಾತ್ರ ನನ್ನ ಕಾಲು ಮುಟ್ಟಿ. ಉಳಿದವರಿಗೆ ನಾಳೆ ನನ್ನ ಕಾಲು ಸಿಗುವುದಿಲ್ಲ.