ಇಳಿದ ಸೆಕೆ

ಕೊಲ್ಲಿ ನಾಡಿನ ಕರಾಮದ ಬಸ್ ಸ್ಟಾಪಿನಲ್ಲಿ ಸಮೀಕ್ಷಾ ಎಷ್ಟೋ ತಿಂಗಳ ಮೇಲೆ ಶಾಲು ಹೊದ್ದು ನಿಂತಿದ್ದಳು. ನಿನ್ನೆಯಿಂದ ತಣ್ಣನೆಯ ಒಣಗಾಳಿ ಬೀಸತೊಡಗಿತ್ತು. ಬದುಕಿದೆವಪ್ಪಾ ಎಂದು ಜನರೆಲ್ಲ ಅದಕ್ಕೆ ಮುಖವೊಡ್ಡಿದ್ದರೆ, ಬೆಂಚಿನ ಮೇಲಿದ್ದ ಇಬ್ಬರಲ್ಲಿ ಕಿರಿಯವನು ಮಾತ್ರ ತಲೆ ತಗ್ಗಿಸಿ ಕೂತಿದ್ದ. ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಇನ್ನೊಂದು ಸ್ವಲ್ಪ ದಿನ ಸೆಕೆ ಇರ್ಬೇಕಿತ್ತು ಶೀನಪ್ಪಣ್ಣ.”

“ಎಂತಕ್ಕೆ ತಿಲಕ್? ಬೆಂದದ್ದು ಸಾಕಾಗ್ಲಿಲ್ವಾ?”

“ಸೆಕೆ ಇಳಿದ ಮೇಲೆ ಮಗುವನ್ನು ಕರ್ಕೊಂಡು ವಾಪಸ್ ಬಾ ಅಂತ ಹೆಂಡತಿಯನ್ನು ಊರಿಗೆ ಕಳಿಸಿದ್ದಲ್ವಾ?”

“ಕೆಲಸ ಹೋದದ್ದು ಇನ್ನೂ ಹೇಳ್ಲಿಲ್ವಾ ನೀನು?”

“ಇಲ್ಲ. ಕೇಳಿದಾಗೆಲ್ಲ ಇಲ್ಲಿ ಇನ್ನೂ ಬೆಂಕಿ ಅಂತ ಹೇಳ್ತಾ ಬಂದೆ. ಅಷ್ಟರಲ್ಲಿ ಬೇರೆ ಕೆಲಸ ಸಿಗ್ತದೆ ಅಂತ ಇದ್ದೆ.”

“ಸಿಗದಿದ್ರೆ?”

“ನನ್ನ ವೀಸಾ ಹೋದ್ರೆ ಅವರಿಬ್ಬರದ್ದೂ ಖಲಾಸ್.”

“ಇವತ್ತೇ ಹೇಳಿಬಿಡು ಮಾರಾಯ. ಇಲ್ಲಿಯವರ ಸ್ಟೇಟಸ್ ನೋಡಿದ್ರೆ ಚಳಿ ಬಂದದ್ದು ಅವಳಿಗೆ ಗೊತ್ತಾಗ್ತದೆ.”

ಅಷ್ಟರಲ್ಲಿ ತಿಲಕನ ಫೋನಿಗೆ ವಿಡಿಯೋ ಕಾಲ್ ಬಂತು. ಅವನು ಗಡಬಡಿಸಿ ಬಾಟಲಿಯ ನೀರನ್ನು ಹಣೆಗೂ ಕುತ್ತಿಗೆಗೂ ಸುರಿದುಕೊಂಡ. ಶೀನಪ್ಪ ಮುಖ ಆಚೆ ತಿರುಗಿಸಿದ.

“ಅಯ್ಯೋ, ಕೇಳ್ಬೇಡ ಸ್ವರ್ಣಾ. ಬೆವರು ನೋಡು ನಂದು! ಈ ಸೆಕೆ ಮಗುವಿಗೆ ಆಗ್ಲಿಕ್ಕಿಲ್ಲ.”

ಬಸ್ ಬಂತು. ನಗುತ್ತ, ಮಾತಾಡುತ್ತಲೇ ಅವನು ಹತ್ತಿದ. ಫೋನು ಹಿಡಿದ ತೋಳಿನ ರೋಮಗಳೆಲ್ಲ ಚಳಿಗೆ ಸೆಟೆದು ನಿಂತಿದ್ದವು.