ಮುಳುಗದ ಗಳಿಗೆ ಬಟ್ಟಲು

ಕಾಡಯ್ಯನ ಗಾಡಿ ಮೊದಲ ಕಲ್ಲು ದಾಟಿತು. ದಿಬ್ಬದ ಮೇಲೆ, ಕತ್ತಾಳೆ ಬೇಲಿಯ ಹಿಂದೆ ಅಡಗಿ ಕೂತಿದ್ದ ಸುಂಕದ ಓಬಯ್ಯ ಗಳಿಗೆ ಬಟ್ಟಲನ್ನು ಹಂಡೆಯ ನೀರಿಗೆ ಬಿಟ್ಟ. ಗಾಡಿ ಎರಡನೇ ಕಲ್ಲು ದಾಟಿತು. ಬಟ್ಟಲು ಇನ್ನೂ ತೇಲುತ್ತಿತ್ತು.

ಓಬಯ್ಯ ಬೇಲಿಯಿಂದ ಎದ್ದು ಬಂದ.

"ನಿಲ್ಲಿಸೋ ಗಾಡಿ. ಜೋರಾಗಿ ಬಂದೆ. ದಂಡ ಕಟ್ಟು."

ಯಾವ ಊರು ಅಂತ ಕೇಳಬೇಡಿ. ಒಂದು ಊರು. ಅದಕ್ಕೊಬ್ಬ ರಾಜ. ಆ ಊರ ಬೀದಿಯಲ್ಲಿ ಗಾಡಿಗಳು ಪಂದ್ಯ ಕಟ್ಟಿ ಓಡಿ, ಒಂದು ಮಗು ಚಕ್ರಕ್ಕೆ ಸಿಕ್ಕಿತ್ತು. ರಾಜ ಬೀದಿಯ ಎರಡು ತುದಿಗೆ ಎರಡು ಕಲ್ಲು ನೆಡಿಸಿದ. ಹೊತ್ತು ಅಳೆಯಲು ಊರಿನ ಹಳೆಯ ಗಳಿಗೆ ಬಟ್ಟಲನ್ನೇ ಸುಂಕದವನ ಕೈಗೆ ಕೊಟ್ಟ. ತಾಮ್ರದ್ದು. ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಮೇಲೆ ಬಿಟ್ಟರೆ, ಒಲೆಯ ಮೇಲಿನ ಅನ್ನ ಬೇಯುವ ಹೊತ್ತಿಗೆ ತುಂಬಿ ಮುಳುಗುತ್ತದೆ. ಬಟ್ಟಲು ಮುಳುಗುವ ಮೊದಲೇ ಗಾಡಿ ಎರಡನೇ ಕಲ್ಲು ದಾಟಿತೋ, ದಂಡ. ಮೂರನೇ ಸಲ ಸಿಕ್ಕಿಬಿದ್ದರೆ ಎತ್ತುಗಳೇ ಹೋದವು.

ಒಳ್ಳೆ ಕಾನೂನು. ತಪ್ಪೇನಿದೆ?

ಆ ಬಟ್ಟಲಿಗೆ ಜನ ಕೈ ಮುಗಿಯುತ್ತಿದ್ದರು. ಅವರ ಮದುವೆಗಳ ಮುಹೂರ್ತ ಹೇಳಿದ್ದು ಅದೇ; ಅದು ಮುಳುಗಿದ ಮೇಲೆಯೇ ತಾಳಿ. ಅವರ ಅಜ್ಜಂದಿರ ಮದುವೆಗೂ ಅದೇ. ಅದು ತೇಲುವಾಗ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಆ ಮೊದಲ ಸಲ ಕಾಡಯ್ಯ ನಿಜಕ್ಕೂ ಜೋರಾಗಿ ಬಂದಿದ್ದ. ಒಪ್ಪಿಕೊಂಡ. ಒಂದು ಕೊಳಗ ರಾಗಿ ಅಳೆದ.

ಎರಡನೇ ಸಲ ಉಪ್ಪಿನ ಮೂಟೆ ಹೇರಿ ನಿಧಾನವಾಗಿ ಬಂದ. ಬಟ್ಟಲು ತೇಲುತ್ತಿತ್ತು.

"ನಡೆಸ್ಕೊಂಡೇ ಬಂದೆ ಓಬಯ್ಯನೋರೇ."

"ನಂಗ್ಯಾಕೆ ಹೇಳ್ತೀಯ? ಬಟ್ಟಲಿಗೆ ಹೇಳು."

ಬಟ್ಟಲಿಗೆ ಎದುರಾಡುವವರು ಯಾರು? ಕಾಡಯ್ಯ ಹೆಗಲ ಮೇಲಿನ ಹೊಸ ಕಂಬಳಿ ಕೊಟ್ಟು ಹೋದ. ದಾರಿಯುದ್ದಕ್ಕೂ ಎತ್ತುಗಳನ್ನೇ ಬೈದ.

ಮೂರನೇ ಸಲ ಮಡಕೆ ಹೇರಿದ್ದ. ಕೆಳಗಿಳಿದು, ಎತ್ತುಗಳ ಮುಂದೆ ನಿಂತು, ಒಂದು ಹೆಜ್ಜೆ ಇಟ್ಟು, ನಿಂತು, ಇನ್ನೊಂದು ಹೆಜ್ಜೆ ಇಟ್ಟು ಬಂದ. ಹಿಂದಿನಿಂದ ಕೋಲೂರಿಕೊಂಡು ಸಂಕಜ್ಜಿ ಬಂದಳು. ತೊಂಬತ್ತು ವರ್ಷ.

"ಏನೋ ಕಾಡ, ಎತ್ತು ಬದುಕಿದ್ದಾವೇನೋ? ಸರಿ ಅತ್ಲಾಗೆ. ನಂಗೆ ಕೆಲಸ ಅದೆ."

ಸಂಕಜ್ಜಿ ಗಾಡಿಯನ್ನು ಹಿಂದೆ ಹಾಕಿ ಹೋದಳು. ಗಾಡಿ ಎರಡನೇ ಕಲ್ಲು ಮುಟ್ಟಿತು. ಕಾಡಯ್ಯ ದಿಬ್ಬ ಹತ್ತಿ ನೋಡಿದ. ಬಟ್ಟಲು ತೇಲುತ್ತಿತ್ತು.

"ಮಡಕೆ ಗಾಡಿ ಓಡಿಸೋಕೆ ನಂಗೇನು ತಲೆ ಕೆಟ್ಟಿದೆಯಾ ಸ್ವಾಮಿ?"

"ಮೂರಾಯ್ತು. ನೊಗ ಬಿಚ್ಚು."

ಕೆಂದ, ಮಾಸ ಎಂದು ಎತ್ತುಗಳ ಹೆಸರು. ಕರುಗಳಾಗಿದ್ದಾಗಿಂದ ಸಾಕಿದ್ದ. ಅವು ಹೋದರೆ ಅವನ ಮನೆಯ ಒಲೆಯೂ ಹೋಯಿತು. ನೊಗ ಬಿಚ್ಚಿದ. ರಾಜನ ಕೊಟ್ಟಿಗೆಗೆ ಹೋಗಬೇಕಾದ ಎತ್ತು ಓಬಯ್ಯನ ಕೊಟ್ಟಿಗೆಗೆ ಹೋದವು.

ಈಗ ಕೇಳಿ.

ಓಬಯ್ಯನಿಗೆ ಒಬ್ಬಳೇ ಮಗಳು, ನೀಲವ್ವ. ಅವಳ ಮದುವೆ ಬಂತು. ಕೆಂದ ಮಾಸರ ಕೊಂಬಿಗೆ ಬಣ್ಣ ಬಳಿದು ಚಪ್ಪರದ ಕಂಬಕ್ಕೆ ಕಟ್ಟಿದರು. ಕೊರಳಿಗೆ ತಾಳಿ ಬಿದ್ದ ಮೇಲೆ ಅವು ಮಗಳ ಬಳುವಳಿ. ಕೊನೆಯದಾಗಿ ಒಂದು ಸಲ ನೋಡೋಣ ಅಂತ ಕಾಡಯ್ಯನೂ ಬಂದು ಕಂಬದ ಹತ್ತಿರ ನಿಂತ. ಎತ್ತುಗಳು ಅವನ ಕೈ ನೆಕ್ಕಿದವು.

ಓಬಯ್ಯ ಎಲ್ಲಿದ್ದ? ಬೇಲಿಯ ಹಿಂದೆ. ಮಗಳ ಮದುವೆಗೆ ಬಂದ ನೆಂಟರ ಗಾಡಿಗಳಿಗೂ ದಂಡ ಹಾಕುತ್ತಿದ್ದ. ಬಟ್ಟಲು ಒಯ್ಯಲು ವಾಲಗದವರು ಅಲ್ಲಿಗೇ ಬಂದರು. ಜೋಯಿಸರು ಬಂದರು. ಬಟ್ಟಲಿಗೆ ಅರಿಶಿನ ಕುಂಕುಮ ಹಚ್ಚಿ ತಲೆಯ ಮೇಲಿಟ್ಟುಕೊಂಡರು.

"ಕೊಡಿ ಜೋಯಿಸರೇ, ಒಂದು ಸಲ ತೊಳೆದುಕೊಡ್ತೀನಿ" ಅಂದ ಓಬಯ್ಯ.

"ಪೂಜೆ ಆಯ್ತಪ್ಪ. ಇನ್ನು ಮುಳುಗೋವರೆಗೆ ಯಾರೂ ಮುಟ್ಟೋ ಹಾಗಿಲ್ಲ."

ಓಬಯ್ಯ ಬೆವೆತ. ಯಾಕೆ ಬೆವೆತ? ಆ ತೂತಿಗೆ ಅವನೇ ಜೇನುಮೇಣ ಮೆತ್ತಿದ್ದ. ಹೋಗಿಬರುವ ಗಾಡಿಗಳೆಲ್ಲ ಸಿಕ್ಕಿಬೀಳಲಿ ಅಂತ. ಮದುವೆಗೆ ಮೊದಲು ಕೆರೆದು ಹಾಕುತ್ತೇನೆ ಅಂದುಕೊಂಡಿದ್ದ. ಇದೊಂದು ಗಾಡಿ ಹೋಗಲಿ, ಅದೊಂದು ಗಾಡಿ ಹೋಗಲಿ ಅಂತ ಹೊತ್ತು ಕಳೆದಿದ್ದ.

ಹಂಡೆಯ ನೀರಿಗೆ ಬಟ್ಟಲು ಬಿಟ್ಟರು. ಗಂಡು ಹೆಣ್ಣಿನ ನಡುವೆ ತೆರೆ ಹಿಡಿದರು. ವಾಲಗ ನಿಂತಿತು. ನಾನೂರು ಜನ ಉಸಿರು ಬಿಗಿಹಿಡಿದು ನೋಡಿದರು.

ಅನ್ನ ಬೆಂದಿತು. ಬಟ್ಟಲು ತೇಲಿತು.

ಅನ್ನ ಆರಿತು. ಬಟ್ಟಲು ತೇಲಿತು.

ಸೂರ್ಯ ನೆತ್ತಿಗೆ ಬಂದ. ತೆರೆ ಹಿಡಿದವರು ಕೈ ಬದಲಿಸಿದರು. ಮಕ್ಕಳು ಕೂಡ ಅಳಲಿಲ್ಲ. ಮುದುಕರು ಹಂಡೆಗೆ ಕೈ ಮುಗಿದು ನಿಂತರು. ಬಟ್ಟಲು ಅಲ್ಲೇ ತೇಲಿತು, ಬೆಳಗಿನಂತೆಯೇ.

ಗಂಡಿನ ಅಪ್ಪ ಎದ್ದ.

"ಬಟ್ಟಲು ಒಪ್ತಾ ಇಲ್ಲ. ಹುಡುಗೀಲಿ ದೋಷ ಇದೆ. ಕಟ್ರೋ ಗಾಡಿ."

ನೀಲವ್ವ ತಲೆ ತಗ್ಗಿಸಿದಳು. ಬಾಸಿಂಗ ಅಲುಗಿತು.

ಕಾಡಯ್ಯ ಎತ್ತುಗಳನ್ನು ನೋಡಿದ. ಮದುವೆ ಮುರಿದರೆ ಅವು ಊರು ಬಿಟ್ಟು ಹೋಗುವುದಿಲ್ಲ. ಸುಮ್ಮನಿದ್ದರೆ ಸಾಕು. ಹುಡುಗಿಯನ್ನು ನೋಡಿದ. ಸುಮ್ಮನಿರಲಾಗಲಿಲ್ಲ.

"ಹುಡುಗೀದೇನಿಲ್ಲ ಸ್ವಾಮಿ. ಆ ಬಟ್ಟಲು ನಂಗೂ ಮುಳುಗ್ಲಿಲ್ಲ."

ಹಿಂದಿನಿಂದ ಒಬ್ಬ ಗಾಡಿಯವನು ಎದ್ದ. "ನಂಗೂ ಮುಳುಗ್ಲಿಲ್ಲ."

ಇನ್ನೊಬ್ಬ ಎದ್ದ. "ನಂಗೂ."

ಗಂಡಿನ ಕಡೆಯ ಗಾಡಿಯವರೂ ಎದ್ದರು. ಚಪ್ಪರದಲ್ಲಿ ಅರ್ಧ ಜನ ನಿಂತಿದ್ದರು.

ಸಂಕಜ್ಜಿ ಕೋಲು ಕುಟ್ಟಿದಳು. "ಅವತ್ತು ಇವನ ಗಾಡಿ ದಾಟ್ಕಂಡು ಹೋದವಳು ನಾನು ಕಣೋ ಓಬ. ನಂಗ್ಯಾಕೆ ದಂಡ ಹಾಕ್ಲಿಲ್ಲ?"

ಯಾರೂ ನಗಲಿಲ್ಲ. ಎಲ್ಲರೂ ಓಬಯ್ಯನನ್ನು ನೋಡಿದರು. ಓಬಯ್ಯ ಮಗಳನ್ನು ನೋಡಿದ.

ಹಂಡೆಯ ಹತ್ತಿರ ಹೋದ. "ಮುಟ್ಟಬೇಡ" ಅಂದರು ಜೋಯಿಸರು. ಮುಟ್ಟಿದ. ಬಟ್ಟಲನ್ನು ಎತ್ತಿ ತಲೆಕೆಳಗು ಮಾಡಿ ಹೆಬ್ಬೆರಳ ಉಗುರಿನಿಂದ ತಳ ಕೆರೆದ. ಕಡಲೆಬೇಳೆಯಷ್ಟು ಮೇಣ ಬಂತು. ಅದನ್ನು ಜೋಯಿಸರ ಅಂಗೈಗೆ ಹಾಕಿದ.

"ಮಗಳು ಚೊಕ್ಕ. ದೋಷ ನಂದು."

ಬಟ್ಟಲನ್ನು ಮತ್ತೆ ನೀರಿಗೆ ಬಿಟ್ಟ. ತಳದಲ್ಲಿ ಸಣ್ಣ ಬುಗ್ಗೆಯೆದ್ದಿತು. ನೀರು ಏರಿತು. ಇನ್ನಷ್ಟು ಏರಿತು. ಅಂಚಿಗೆ ಬಂತು. ಗುಳಕ್ ಎಂದಿತು. ನಾನೂರು ಜನರ ಉಸಿರು ಒಟ್ಟಿಗೆ ಹೊರಗೆ ಬಂತು.

ಗಂಡಿನ ಅಪ್ಪ ಕೂತ. ತಾಳಿ ಬಿತ್ತು.

ಓಬಯ್ಯ ತಾನೇ ಕಂಬದಿಂದ ಹಗ್ಗ ಬಿಚ್ಚಿ ಕಾಡಯ್ಯನ ಕೈಗೆ ಕೊಟ್ಟ.

ಸಂಜೆ ಕಾಡಯ್ಯನ ಗಾಡಿ ಮೊದಲ ಕಲ್ಲು ದಾಟಿತು. ಜೋಯಿಸರು ಬಟ್ಟಲನ್ನು ನೀರಿಗೆ ಬಿಟ್ಟರು. ಗಾಡಿ ಎರಡನೇ ಕಲ್ಲು ಮುಟ್ಟಿದಾಗ ಬಟ್ಟಲು ಹಂಡೆಯ ತಳದಲ್ಲಿತ್ತು.