ಐಗಳಿ ಬಸ್ಸಿನ ಸಪ್ಪಳ

ಎಂಬತ್ತೇಳರ ಬೇಸಿಗೆ. ಅಥಣಿಯ ಬಸ್ ನಿಲ್ದಾಣದಲ್ಲಿ ಮಿರಜಿ ಬಸ್ಸಿಗೆ ಕಾಯುತ್ತಿದ್ದ ಶೇವಂತಾಳ ಪಕ್ಕಕ್ಕೆ ಗುರುತಿಲ್ಲದ ಅತ್ತೆ ಸೊಸೆ ಬಂದು ಕುಳಿತರು. ಅವರ ನಾಲ್ಕು ವರ್ಷದ ಕೂಸು ಯಾರ ಮುಖವನ್ನೂ ನೋಡದೆ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗರಗರ ತಿರುಗಿಸುತ್ತಿತ್ತು.

"ಕರದರ ಹೊಳ್ಳಿ ನೋಡೂದಿಲ್ಲ, ಒಂದ್ ಮಾತಿಲ್ಲ. ಕಿವುಡ ಐತಿ," ಎಂದಳು ಅತ್ತೆ. "ಮಿರಜಿ ಡಾಕ್ಟರ ಕಿವಿ ನೋಡ್ಲಿ."

"ಕಿವಿ ಕೇಳತಾವ್ರಿ ಅತ್ತಿ. ಬ್ಯಾರೆ ಏನೋ ಐತಿ."

"ನನ್ನ ಕೂಗಽ ಕೇಳದ್ದು ಮತ್ತೇನ ಕೇಳತೈತಿ ಬೇ?"

"ಬಸ್ಸಿನ ಸಪ್ಪಳ. ನಮಗಿಂತ ಮೊದಲ."

ಅಷ್ಟರಲ್ಲಿ ಕೂಸು ಮುಚ್ಚಳ ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಿತು. ಶೇವಂತಾಳಿಗೆ ಏನೂ ಕೇಳಿಸಲಿಲ್ಲ. ತುಸು ಹೊತ್ತಿನ ಮೇಲೆ ತಿರುವಿನಲ್ಲಿ ಐಗಳಿ ಬಸ್ಸು ಕಾಣಿಸಿತು.

"ನೋಡಿದ್ರಿಲ್ಲೊ!" ಸೊಸೆ ಹಿಗ್ಗಿದಳು.

"ನೋಡಿದ್ನಿ. ಕಿವಿ ಚಲೋ ಅದಾವು. ಅಂದಮ್ಯಾಲ ಇದು ಹಟ. ಮಿರಜಿಗ್ಯಾಕ ಹೋಗೂದು? ಐಗಳ್ಯಾಗ ಬರೆ ಹಾಕೋ ಮುದುಕ ಅದಾನ, ಏಳು."

"ಬ್ಯಾಡ್ರಿ ಅತ್ತಿ, ಕಾದ ಕಬ್ಬಿಣ್ರಿ ಅದು."

"ಮಾತಾಡವಲ್ಲ ಅಂತ ನಿನ್ನ ಗಂಡಗೂ ಸಣ್ಣಾಂವಿದ್ದಾಗ ಹಾಕ್ಸೀನಿ. ಈಗ ಬಾಯಿ ಮುಚ್ಚತಾನೇನು?"

ಅತ್ತೆ ಕೂಸನ್ನು ಎತ್ತಿಕೊಂಡು ಬಸ್ಸು ಹತ್ತಿದಳು. ಕೂಸಿನ ಕೈಗಳು ಇನ್ನೂ ಕಿವಿಯ ಮೇಲೇ ಇದ್ದವು. ಸೊಸೆ ಮುಚ್ಚಳವನ್ನು ಎತ್ತಿ ಸೆರಗಿನಲ್ಲಿ ಒರೆಸಿಕೊಳ್ಳುತ್ತ ಅವರ ಹಿಂದೆ ಹೋದಳು.